ಟೇಪಿನ ಇನ್ನೊಂದು ತುದಿ

ಚಕ್ರದ ಅಲೈನ್‌ಮೆಂಟ್ ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಮೊಬೈಲಿನಲ್ಲಿ ಯಾರೋ ದಾರ ಕಟ್ಟಿ ಅಳೆಯುವುದನ್ನು ನೋಡಿಕೊಂಡು ಬಂದಿರುತ್ತಾರೆ. ಧಾರಾಳವಾಗಿ ಮಾಡಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ದಾರ, ಟೇಪು, ಸೀಮೆಸುಣ್ಣ, ಒಂದೆರಡು ಪಾನಾ ಇದ್ದರೆ ಸಾಕು. ಆದರೆ ಅಳತೆ ತೆಗೆಯುವುದು ಬೇರೆ, ಅದೇ ಅಳತೆ ಮತ್ತೆ ಬರುವಂತೆ ತೆಗೆಯುವುದು ಬೇರೆ. ಬೆಳಿಗ್ಗೆ ಒಂದು ಬಂತು, ಮಧ್ಯಾಹ್ನ ಇನ್ನೊಂದು ಬಂತು ಅಂದರೆ ಎರಡರಲ್ಲಿ ಯಾವುದನ್ನು ನಂಬುತ್ತೀರಿ? ಹೆಚ್ಚಿನವರು ತಮಗೆ ಅನುಕೂಲವಾದದ್ದನ್ನು ನಂಬುತ್ತಾರೆ. ಈ ಒಂದು ಪ್ರಶ್ನೆಯಿಂದ ನನ್ನ ಜೀವದ ಗೆಳೆತನವೊಂದು ಹಾಳಾಯಿತು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ಅದನ್ನು ಬರೆದಿಡುತ್ತಿದ್ದೇನೆ. ಬಡ್ತಿ, ಶಾಲು, ಹಾರದ ಸುದ್ದಿ ಇದರಲ್ಲಿ ಇಲ್ಲ. ಅವೆಲ್ಲ ಎಲ್ಲರಿಗೂ ಬರುತ್ತವೆ, ಹೋಗುತ್ತವೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಡೆಯುವಾಗ ಕೆಲವರ ಪಾದ ಒಳಗೆ ತಿರುಗಿರುತ್ತದೆ, ಕೆಲವರದು ಹೊರಗೆ. ಗಾಡಿಯ ಮುಂದಿನ ಚಕ್ರಗಳದೂ ಇದೇ ಕತೆ. ಕೂದಲೆಳೆಯಷ್ಟು ಹೆಚ್ಚುಕಡಿಮೆ ತಿರುಗಿದ್ದರೂ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎರಡು ಚಕ್ರಗಳ ಮುಂಬದಿಯ ಅಂತರ ಎಷ್ಟು, ಹಿಂಬದಿಯ ಅಂತರ ಎಷ್ಟು ಎಂದು ಅಳೆದು, ಆ ವ್ಯತ್ಯಾಸವನ್ನು ಸರಿಪಡಿಸುವುದೇ ನಮ್ಮ ಕೆಲಸ. ಹೇಳಲು ಇಷ್ಟೇ.

ನಾನು ದೇವದುರ್ಗದ ಕಡೆಯವನು. ಕೂಲಿ ಮಾಡುವ ಮನೆತನ. ಐಟಿಐ ಮುಗಿಸಿ ರಾಯಚೂರಿನ ಬಸ್ ಡಿಪೊಗೆ ಸೇರಿದ ದಿನವೇ ಮಾನ್ವಿಯ ಯಂಕೋಬನೂ ಸೇರಿದ. ನನ್ನ ಬಾಯಿ ಮುಂದು, ಅವನ ಕೈ ಮುಂದು. ಡಿಪೊದ ಹಿರಿಯ ಮೆಕ್ಯಾನಿಕ್ ಖಾಜಾ ಮೇಸ್ತ್ರಿ ನಮ್ಮಿಬ್ಬರನ್ನು ಮುಂದಿನ ಚಕ್ರದ ಕೆಲಸಕ್ಕೆ ಹಾಕಿದರು. ಅಳೆಯುವ ಗೇಜು ಒಂದಿತ್ತು, ಅದರ ತಿರುಪು ಸವೆದು ಹೋಗಿತ್ತು. ಹೀಗಾಗಿ ಟೇಪೇ ಗತಿ. ಬಸ್ಸಿನ ಆ ಮಗ್ಗುಲು ಅಂಗಾತ ಮಲಗಿ ಟೇಪಿನ ಸೊನ್ನೆ ತುದಿ ಹಿಡಿಯುವವನು ಯಂಕೋಬ, ಈ ಮಗ್ಗುಲು ಮಲಗಿ ಅಂಕಿ ಓದುವವನು ನಾನು. ಮೊದಲ ದಿನ ಹೇಗೆ ಮಲಗಿದೆವೋ ನಿವೃತ್ತಿಯ ದಿನದವರೆಗೂ ಹಾಗೆಯೇ ಮಲಗಿದೆವು. ಯಾಕೆ ಹಾಗೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಶುರುವಿನಲ್ಲೇ ಎಡವಿದೆವು. ಒಂದು ಬಸ್ಸನ್ನು ಜಾಕಿ ಹಾಕಿ ಎತ್ತಿ, ಎರಡೂ ಚಕ್ರಗಳನ್ನು ಜೋಡಿಸುವ ಸರಳು, ಅಂದರೆ ಟೈರಾಡ್, ತಿರುಗಿಸಿ, ಕೆಳಗಿಳಿಸಿ ಅಳೆದೆವು. ಸರಿ ಬಂತು. ಊಟ ಮಾಡಿ ಬಂದು ಮತ್ತೆ ಅಳೆದರೆ ತಪ್ಪು. ನೀನು ಟೇಪು ಜಗ್ಗಿದೆ ಎಂದು ನಾನು, ನೀನು ಕಣ್ಣು ಮುಚ್ಚಿ ಓದಿದೆ ಎಂದು ಅವನು, ಬಸ್ಸಿನ ಕೆಳಗೆ ಮಲಗಿಕೊಂಡೇ ಜಗಳ. ಖಾಜಾ ಮೇಸ್ತ್ರಿ ಬಗ್ಗಿ ನಮ್ಮನ್ನು ನೋಡಿ ನಕ್ಕರು.

"ಅರೇ ಮಿಯಾ, ಗಾಡಿನ ಎತ್ತಿ ಇಳಿಸಿದ್ರ ಅದು ಮುನಸ್ಕೊಂಡಿರ್ತದ. ಕಾಲು ಬಿಗಿ ಹಿಡದು ನಿಂತಿರ್ತದ. ಜರಾ ಮುಂದ ಓಡಸು, ಹಿಂದ ಓಡಸು, ಅದರ ಸಿಟ್ಟು ಇಳೀಲಿ. ಆಮ್ಯಾಲ ಕೇಳಿದ್ರ ಖರೇ ಹೇಳ್ತದ."

ಅದು ನಿಜ. ಇಳಿಸಿದ ಕೂಡಲೇ ಟೈರು ನೆಲವನ್ನು ಅಡ್ಡಕ್ಕೆ ಕಚ್ಚಿಕೊಂಡಿರುತ್ತದೆ, ಸ್ಪ್ರಿಂಗು ಪೂರ್ತಿ ಕೂತಿರುವುದಿಲ್ಲ. ಗಾಡಿ ಉರುಳಿದ ಮೇಲಷ್ಟೇ ಚಕ್ರ ತನ್ನ ಸಹಜ ಸ್ಥಿತಿಗೆ ಬರುತ್ತದೆ. ಮನೆಯಲ್ಲಿ ಅಳೆಯುವ ನೂರಕ್ಕೆ ತೊಂಬತ್ತು ಮಂದಿ ಇದೊಂದನ್ನು ಮಾಡದೆ ಕೆಡುತ್ತಾರೆ. ಜಾಕಿ ತೆಗೆದ ಮೇಲೆ ಗಾಡಿಯನ್ನು ಹಿಂದೆ ಮುಂದೆ ತಳ್ಳಿ, ಬಾನೆಟ್ಟಿನ ಮೇಲೆ ಕೈಯೂರಿ ಕುಲುಕಿ, ಆಮೇಲೆ ಟೇಪು ಹಿಡಿಯಿರಿ.

ಇನ್ನೊಂದು ಉಪಾಯ ಯಂಕೋಬನದೇ. ಯಾವ ಚಕ್ರವೂ ಪೂರ್ತಿ ದುಂಡಗಿರುವುದಿಲ್ಲ. ಹಳ್ಳಿ ರಸ್ತೆಯ ಕುಣಿಗೆ ಬಿದ್ದೂ ಬಿದ್ದೂ ರಿಮ್ಮು ಎಲ್ಲೋ ಒಂದು ಕಡೆ ಓರೆಯಾಗಿರುತ್ತದೆ. ಅವನು ಟೈರಿನ ಮುಂಬದಿಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಅಲ್ಲಿ ಅಳೆಯಲು ಹೇಳಿದ. ಆಮೇಲೆ ಅದೇ ಗುರುತು ಹಿಂಬದಿಗೆ ಬರುವ ಹಾಗೆ ಬಸ್ಸನ್ನು ಅರ್ಧ ಸುತ್ತು ಉರುಳಿಸಿ ಮತ್ತೆ ಅದೇ ಗುರುತಿನಲ್ಲಿ ಅಳೆಯಲು ಹೇಳಿದ. ಓರೆ ಇದ್ದರೂ ಎರಡೂ ಸಲ ಅದೇ ಓರೆ. ವ್ಯತ್ಯಾಸ ತೆಗೆದಾಗ ಅದು ತಾನೇ ಕಳೆದುಹೋಗುತ್ತದೆ. ಇದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಡಿಪೊದ ಸಾಹೇಬರ ಮುಂದೆ ವಿವರಿಸಿದ್ದು ಮಾತ್ರ ನಾನು, ಬಾಯಿ ನನ್ನದಲ್ಲವೇ.

ದೇವದುರ್ಗದ ದಾರಿಗೆ ಓಡುತ್ತಿದ್ದ ಒಂದು ಬಸ್ಸು ನಮ್ಮನ್ನು ಬಹಳ ಕಾಡಿತು. ಗಾಡಿ ಎಡಕ್ಕೆ ಎಳೆಯುತ್ತದೆ ಎಂದು ಡ್ರೈವರ್ ದಿನವೂ ಬೈಯುತ್ತಿದ್ದ. ಡಿಪೊದಲ್ಲಿ ಅಳೆದಾಗಲೆಲ್ಲ ಎಲ್ಲವೂ ಸರಿ. ಡ್ರೈವರನಿಗೆ ತಲೆ ಕೆಟ್ಟಿದೆ ಎಂದು ನಾನು ತೀರ್ಮಾನ ಕೊಟ್ಟೆ. ಯಂಕೋಬ ತನ್ನ ರಜಾ ದಿನ ಅದೇ ಬಸ್ಸಿಗೆ ಟಿಕೆಟು ತೆಗೆಸಿ ಹೋಗಿ ಬಂದ. ಬಂದವನೇ ನಗುತ್ತಾ ಹೇಳಿದ.

"ಗಾಡಿ ಚಲೋ ಅದ, ಡ್ರೈವರನೂ ಚಲೋ ಅದಾನ. ಹಮಾಲರು ಸೋಮಾರಿಗಳದಾರ. ಏಣಿ ಎಡಕ್ಕದಲ್ಲ, ಶೇಂಗಾ ಚೀಲ ಎಲ್ಲಾ ಏಣಿ ಬಲ್ಯಾಕ ಒಟ್ಟಾಕತ್ಯಾರ. ಆ ಕಡಿಗೆ ಯಾರ್ ಎಳಕೊಂಡು ಹೋಗ್ತಾರ ಬಿಸಲಾಗ?"

ಆಗ ಬಸ್ಸಿನ ಮೇಲೆ ಸಾಮಾನು ಹೇರುವ ಕಾಲ. ಭಾರವೆಲ್ಲ ಎಡಕ್ಕೆ ಬಿದ್ದು ಗಾಡಿ ಎಡಕ್ಕೆ ವಾಲುತ್ತಿತ್ತು. ಡಿಪೊಗೆ ಖಾಲಿಯಾಗಿ ಬಂದು ನಿಂತ ಬಸ್ಸಿಗೆ ಎಲ್ಲಿಯ ರೋಗ? ಗಾಡಿ ಹೇಗೆ ಓಡುತ್ತದೋ ಹಾಗೆಯೇ ಇಟ್ಟು ಅಳೆಯಬೇಕು ಎಂಬುದು ಅಂದು ತಿಳಿಯಿತು. ಈಗ ನಾನು ಕಾರು ಅಳೆಯುವಾಗ ಡ್ರೈವರ್ ಸೀಟಿನ ಮೇಲೆ ಅಕ್ಕಿ ಚೀಲ ಇಡುತ್ತೇನೆ. ನೋಡಿದವರು ಪೂಜೆಗೆ ಇಟ್ಟಿದ್ದಾನೆ ಅಂದುಕೊಳ್ಳುತ್ತಾರೆ.

ಮೇಲಿನವರ ಬಗ್ಗೆಯೂ ಒಂದು ಮಾತು ಹೇಳಬೇಕು. ಕೆಲವು ವರ್ಷಗಳ ಮೇಲೆ ಒಬ್ಬ ಸಾಹೇಬರು ಬೆಳಕು ಬಿಟ್ಟು ಅಳೆಯುವ ಮಶೀನು ತರಿಸಿದರು. ಒಳ್ಳೆಯ ಮನುಷ್ಯ, ಒಳ್ಳೆಯ ಮಶೀನು. ನಡೆಸುವುದು ಹೇಗೆಂದು ಹೇಳಿಕೊಡಲು ಬಂದವನು ಮಾತ್ರ ಅರ್ಧ ದಿನ ಇದ್ದು ಹೋದ. ನಮಗೂ ಹುರುಪಿರಲಿಲ್ಲ, ನಮ್ಮ ಟೇಪಿನ ಮೇಲೆ ನಮಗೆ ಅಭಿಮಾನ. ಸಾಹೇಬರು ಬಂದಾಗ ಮಶೀನಿನ ದೀಪ ಹಚ್ಚುವುದು, ಹೋದ ಮೇಲೆ ಟೇಪು ಹಿಡಿಯುವುದು. ಕೊನೆಗೆ ಅದರ ಮೇಲೆ ತಾಡಪಾಲು ಬಿತ್ತು. ಯಂಕೋಬನೊಬ್ಬನೇ ಊಟದ ಹೊತ್ತಿನಲ್ಲಿ ತಾಡಪಾಲು ಎತ್ತಿ ಅದನ್ನು ತಿರುವಿ ನೋಡುತ್ತಿದ್ದ. ನಾನು ಅವನನ್ನು ಗೇಲಿ ಮಾಡಿದೆ. ಕಲಿತಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು ಎಂದು ಈಗ ಅನಿಸುತ್ತದೆ.

ನಿವೃತ್ತಿಯಾದ ಮೇಲೆ ಯಂಕೋಬ ಮಾನ್ವಿಯ ತನ್ನ ಮನೆಗೆ ಹೋದ, ನಾನು ರಾಯಚೂರಿನಲ್ಲೇ ಉಳಿದೆ. ಸುಮ್ಮನೆ ಕೂರುವ ಜಾತಿ ಇಬ್ಬರೂ ಅಲ್ಲ. ಇಬ್ಬರೂ ಮನೆಯ ಅಂಗಳದಲ್ಲೇ ಕಾರು, ಜೀಪುಗಳ ಅಲೈನ್‌ಮೆಂಟು ಶುರುಮಾಡಿದೆವು. ಇಲ್ಲೊಂದು ವಿಷಯ ಹೊಸಬರು ಗಮನಿಸಬೇಕು. ಆ ಕಾಲದ ನಮ್ಮ ಬಸ್ಸುಗಳ ಮುಂದಿನ ಎರಡೂ ಚಕ್ರ ಒಂದೇ ಕಬ್ಬಿಣದ ತೊಲೆಗೆ ಕೂತಿರುತ್ತಿದ್ದವು. ನೆಲ ಅಷ್ಟಿಷ್ಟು ಏರುಪೇರಾದರೂ ಅಳತೆ ಅಷ್ಟಾಗಿ ಕದಲುತ್ತಿರಲಿಲ್ಲ. ಕಾರಿನ ಚಕ್ರಗಳು ಹಾಗಲ್ಲ, ಒಂದೊಂದೂ ತನ್ನ ತನ್ನ ಸ್ಪ್ರಿಂಗಿನ ಮೇಲೆ ಬೇರೆ ಬೇರೆ ಸಂಸಾರ ಮಾಡುತ್ತದೆ. ಒಂದು ಕಾಲು ಗಿಡ್ಡವಾದ ಹೊರಸು ಮಂಚದಂತೆ ನೆಲದ ಒಂದು ಮೂಲೆ ತಗ್ಗಿದರೆ ಭಾರ ಆಚೀಚೆಯಾಗಿ ಮುಂದಿನ ಚಕ್ರ ತಿರುಗಿಕೊಳ್ಳುತ್ತದೆ. ನಾವು ಜೀವಮಾನವೆಲ್ಲ ಬಸ್ಸಿನ ಕೆಳಗೆ ಕಳೆದವರು. ನೆಲ ನೋಡುವ ಅಭ್ಯಾಸವೇ ನಮಗಿರಲಿಲ್ಲ.

ನನ್ನ ಮನೆ ಗುಡ್ಡದ ಬದಿಗಿದೆ. ಪಾಯ ತೋಡಲು ಬಂದವರು ಬಂಡೆ ಹತ್ತಿತು ಎಂದು ಬೈದುಕೊಂಡು ಹೋಗಿದ್ದರು. ಆ ಬಂಡೆಯ ಮೇಲೆಯೇ ಅಂಗಳ. ನಾನು ಒಬ್ಬನೇ ಕೆಲಸ ಮಾಡಬೇಕಾದ್ದರಿಂದ ನೀರಿನ ಪೈಪಿನಿಂದ ಎರಡು ಸ್ಟ್ಯಾಂಡು ಮಾಡಿ, ಕಾರಿನ ಎರಡೂ ಮಗ್ಗುಲಿಗೆ ದಾರ ಎಳೆದು, ದಾರದಿಂದ ರಿಮ್ಮಿಗೆ ಅಳೆಯುವ ಪದ್ಧತಿ ಮಾಡಿಕೊಂಡೆ. ಮೊದಲು ನಾಲ್ಕೂ ಟೈರಿಗೆ ಸರಿಯಾದ ಗಾಳಿ. ಆಮೇಲೆ ಚಕ್ರ ಅಲ್ಲಾಡಿಸಿ ಜಾಯಿಂಟು ಸಡಿಲ ಇದೆಯೇ ನೋಡುವುದು, ಯಾಕೆಂದರೆ ಸಡಿಲ ಜಾಯಿಂಟಿಗೆ ಅಲೈನ್‌ಮೆಂಟ್ ಮಾಡುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಸ್ಟೇರಿಂಗನ್ನು ನೆಟ್ಟಗೆ ಹಿಡಿದು ಹಗ್ಗದಿಂದ ಕಟ್ಟುವುದು. ಮುಂದಿನ ಟೈರುಗಳ ಕೆಳಗೆ ನಡುವೆ ಗ್ರೀಸು ಸವರಿದ ಜೋಡಿ ತಗಡು ಇಡುವುದು, ಆಗ ಚಕ್ರ ನೆಲವನ್ನು ಕಚ್ಚದೆ ಸಲೀಸಾಗಿ ತಿರುಗುತ್ತದೆ. ಇಷ್ಟು ಮಾಡಿದರೆ ನನ್ನ ಅಂಗಳದಲ್ಲಿ ಎಷ್ಟು ಸಲ ಅಳೆದರೂ ಅದೇ ಅಂಕಿ. ನನ್ನ ಕೈಗುಣ ಎಂದು ಬೀಗಿದೆ. ಅದು ಬಂಡೆಯ ಪುಣ್ಯ ಎಂದು ಗೊತ್ತಾಗುವ ಹೊತ್ತಿಗೆ ಆಗಬಾರದ್ದು ಆಗಿತ್ತು.

ಯಂಕೋಬನ ಮನೆ ಮಾನ್ವಿಯ ಆಚೆ, ಹಿತ್ತಲಿಗೇ ಭತ್ತದ ಗದ್ದೆ. ಕಪ್ಪು ಮಣ್ಣಿನ ಎರೆ ನೆಲದ ಮೇಲೆ ಶಹಾಬಾದಿ ಫರ್ಸಿ ಕಲ್ಲು ಹಾಸಿ ಚೊಕ್ಕವಾದ ಅಂಗಳ ಮಾಡಿಕೊಂಡಿದ್ದ. ಆಗಾಗ ಫೋನು ಮಾಡುತ್ತಿದ್ದ. ಒಂದು ದಿನ ದನಿ ಸಪ್ಪಗಿತ್ತು.

"ಲೇ ಹುಲಗಪ್ಪ, ನನಗ ಅಳತಿ ನಿಲವಲ್ದು. ಇವತ್ತು ಸರಿ ಮಾಡಿ ಕಳಿಸಿದ ಗಾಡಿ ಮುಂದಿನ ತಿಂಗಳ ಬಂದ್ರ ಬ್ಯಾರೆನ ಇರ್ತದ."

"ಗಾಳಿ ನೋಡಿದ್ಯಾ? ಜಾಯಿಂಟ್ ನೋಡಿದ್ಯಾ?" ಎಂದೆ.

"ಎಲ್ಲಾ ನೋಡೀನಿ. ನೆಲದಾಗ ಏನೋ ಅದ ಅನಸ್ತದಲೇ. ಒಂದ್ ಸಲ ಬಂದು ನೋಡು. ಇಬ್ಬರೂ ಕೂಡಿ ಅಳೆಯೋಣು."

ನನಗೆ ನಗು ಬಂತು. "ಕುಣಿಲಾಕ ಬರದಾಕಿ ನೆಲಾ ಡೊಂಕು ಅಂದಳಂತ," ಎಂದೆ. ಅವನೂ ನಕ್ಕ. ಗೆಳೆಯರ ನಡುವಿನ ಮಾತು, ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮಾನ್ವಿಯಲ್ಲಿ ಸುಜಾತಾ ಟೀಚರ್ ಎಂಬುವರಿದ್ದಾರೆ. ಅವರ ಅಪ್ಪ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊತ್ತು ಮಗಳನ್ನು ಓದಿಸಿದವರು. ಟೀಚರ್ ದಿನವೂ ತಮ್ಮ ಸಣ್ಣ ಕಾರನ್ನು ತಾವೇ ಓಡಿಸಿಕೊಂಡು ಮಲ್ಲಟದ ಶಾಲೆಗೆ ಹೋಗಿಬರುತ್ತಾರೆ. ಯಂಕೋಬನಲ್ಲಿ ಅಲೈನ್‌ಮೆಂಟ್ ಮಾಡಿಸಿದ ಮೇಲೂ ಗಾಡಿ ಎಳೆಯುತ್ತಿದೆ ಎಂದು ರಾಯಚೂರಿಗೆ ಬಂದಾಗ ನನ್ನ ಅಂಗಳಕ್ಕೆ ತಂದರು. ಅಳೆದೆ. ಅಂಕಿ ಎಲ್ಲೋ ಹೋಗಿತ್ತು. ಸರಿಮಾಡಿಕೊಟ್ಟೆ. ಸುಮ್ಮನೆ ಕಳಿಸಿದ್ದರೆ ಆಗುತ್ತಿತ್ತು.

"ಯಂಕೋಬಣ್ಣ ನೆಲಾ ಸರಿಯಿಲ್ಲ ಅಂತ ಹೇಳಾಕತ್ತಿದ್ರು," ಎಂದರು ಟೀಚರ್.

ನಾನು ಅದೇ ಗಾದೆಯನ್ನು ಅವರ ಮುಂದೆಯೂ ಹೇಳಿದೆ. ಅವರು ನಕ್ಕು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಮಾನ್ವಿಯ ಗ್ಯಾರೇಜಿನಲ್ಲಿ ಆಯಿಲ್ ಬದಲಿಸುವಾಗ ಮಾತಿಗೆ ಮಾತು ಬಂದು ಹೇಳಿಬಿಟ್ಟರು. ಬಾಯಿಂದ ಬಾಯಿಗೆ ಬಿದ್ದ ಮಾತು ಎಲ್ಲಿ ನಿಲ್ಲುತ್ತದೆ? ಯಂಕೋಬ ಚಹಾದಂಗಡಿಯ ಮುಂದೆ ಹಾದರೆ "ನೆಲಾ ಹೆಂಗದರೀ ಇವತ್ತು?" ಎಂದು ಕೇಳುವವರು ಹುಟ್ಟಿಕೊಂಡರು. ಅವನ ಜೊತೆಯವನೇ, ಅದೂ ರಾಯಚೂರಿನವನು, ಹೀಗಂದಿದ್ದಾನೆ ಎಂದ ಮೇಲೆ ಅವನ ಅಂಗಳಕ್ಕೆ ಗಾಡಿಗಳು ಬರುವುದು ಕಡಿಮೆಯಾಯಿತು.

ಯಂಕೋಬ ಒಂದೇ ಒಂದು ಉತ್ತರ ಕೊಟ್ಟ, ಅದೂ ಟೀಚರ್ ಕೈಲಿ ಹೇಳಿಕಳಿಸಿದ. "ಹುಲಗಪ್ಪಗ ಹೇಳ್ರಿ. ಅವ ಜಲ್ಮದಾಗ ಒಮ್ಮೆನೂ ಸೊನ್ನಿ ತುದಿ ಹಿಡದಿಲ್ಲ. ಹಿಡಿಯಾವನ ಕಷ್ಟ ಓದಾವಗ ಗೊತ್ತಾಗಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಜೊತೆಗೆ ಮಲಗಿ ಕೆಲಸ ಮಾಡಿದವನು ಹೀಗೆ ಮನಸ್ಸಿನಲ್ಲಿಟ್ಟುಕೊಂಡಿದ್ದನೇ ಎಂದು ಸಿಟ್ಟು. ಅವನಿಗೂ ಸಿಟ್ಟು. ಫೋನು ನಿಂತಿತು. ಅವನ ಮಗಳ ಸೀಮಂತಕ್ಕೆ ನಾನು ಹೋಗಲಿಲ್ಲ, ನನ್ನ ಮನೆಯ ಕಾರ್ಯಕ್ಕೆ ಅವನು ಬರಲಿಲ್ಲ. ಇಬ್ಬರೂ ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡು ಕೂತೆವು.

ಸತ್ಯ ಗೊತ್ತಾದದ್ದು ಒಂದೆರಡು ವರ್ಷ ಕಳೆದ ಮೇಲೆ, ದೇವದುರ್ಗದಲ್ಲಿ. ಬೇಸಿಗೆಯಲ್ಲಿ ಅಣ್ಣನ ಮನೆಗೆ ಹೋದಾಗ ಅವನ ಹಳೆಯ ಕಾರಿಗೆ ಅವನ ಅಂಗಳದಲ್ಲೇ ಅಲೈನ್‌ಮೆಂಟ್ ಮಾಡಿದ್ದೆ. ಅಷ್ಟರಲ್ಲಿ ಅಣ್ಣನಿಗೆ ಕಣ್ಣಿನ ಆಪರೇಶನ್ ಆಯಿತು. ಕಾರು ಅಂಗಳದಿಂದ ಹೊರಗೆ ಹೋಗಲೇ ಇಲ್ಲ. ಮಳೆ ಚೆನ್ನಾಗಿ ಹಿಡಿದ ಮೇಲೆ ನಾನು ಮತ್ತೆ ಹೋದೆ. ಹೊತ್ತು ಹೋಗದೆ ಸುಮ್ಮನೆ ಅದೇ ಕಾರಿಗೆ ದಾರ ಕಟ್ಟಿದೆ. ಅಂಕಿ ಬೇರೆ. ಗಾಳಿ ತುಂಬಿಸಿ, ಹಿಂದೆ ಮುಂದೆ ಉರುಳಿಸಿ, ಕುಲುಕಿ, ಮತ್ತೆ ಅಳೆದೆ. ಬೇರೆಯೇ. ಯಾರೂ ಓಡಿಸದ, ಯಾವ ಕುಣಿಗೂ ಬೀಳದ ಕಾರು ನಿಂತಲ್ಲೇ ಕೆಡುವುದಾದರೂ ಹೇಗೆ?

ಅಂಗಳದಲ್ಲಿ ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾಗ ಅಣ್ಣನ ಹೆಂಡತಿ, ನಮ್ಮ ವೈನಿ, ಹಿತ್ತಲ ಬಾಗಿಲನ್ನು ಕಾಲಿನಿಂದ ಒದೆಯುತ್ತಿದ್ದರು. ಬಾಗಿಲು ನೆಲಕ್ಕೆ ಕಚ್ಚಿಕೊಂಡು ಅಲುಗುತ್ತಿರಲಿಲ್ಲ.

"ಮಳಿಗೆ ಕಟ್ಟಿಗಿ ಉಬ್ಬಿರಬೇಕು ವೈನಿ," ಎಂದೆ.

"ಎಲ್ಲಿ ಕಟ್ಟಿಗಿನೋ ಯಪ್ಪಾ? ಕಣ್ಣ ಬಿಟ್ಟು ನೋಡು, ತಗಡಿನ ಬಾಗಲಾ. ಮಳಿ ಬಿತ್ತಂದ್ರ ಪ್ರತಿ ವರ್ಷ ಹಿಂಗ. ಎರಿ ನೆಲ ಉಬ್ಬತದಲ್ಲ, ಹೊಸ್ತಲಾ ಮ್ಯಾಲ ಬರ್ತದ. ಬ್ಯಾಸಗ್ಯಾಗ ಮತ್ತ ತಾನಾ ಸಡ್ಲ ಆಗ್ತದ."

ನಾನು ಕೂತಲ್ಲೇ ಕೂತೆ. ಎರೆ ನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ನೀರು ಕಂಡರೆ ಉಬ್ಬುತ್ತದೆ ಎಂಬುದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ಆ ಬಿರುಕಿನಲ್ಲಿ ಕಾಲು ಸಿಕ್ಕಿಸಿಕೊಂಡು ಬೆಳೆದವನು ನಾನು. ಆದರೆ ಕೆಲಸಕ್ಕೆ ನಿಂತಾಗ ನನ್ನ ತಲೆಯಲ್ಲಿ ನೆಲ ಎಂದರೆ ಡಿಪೊದ ಕಾಂಕ್ರೀಟು. ಗೌಂಡಿಗಳು ಮಟ್ಟ ನೋಡುವ, ನೀರು ತುಂಬಿದ ಪ್ಲಾಸ್ಟಿಕ್ ಪೈಪು ಪಕ್ಕದ ಮನೆಯಿಂದ ತರಿಸಿ ನಾಲ್ಕೂ ಚಕ್ರದ ಕೆಳಗಿನ ನೆಲಕ್ಕೆ ಹಿಡಿದು ನೋಡಿದೆ. ಗೋಡೆಯ ಕಡೆಯ ಮೂಲೆ ಕೆಳಗೆ, ಪಕ್ಕದ ತೋಟದ ಕಡೆಯದು ಮೇಲೆ. ಬರಿಗಣ್ಣಿಗೆ ತಟ್ಟೆಯಂತೆ ಸಮ.

ಮಾನ್ವಿಯಲ್ಲಿ ಮಳೆಯೇ ಬೇಕಿಲ್ಲ. ಕಾಲುವೆಗೆ ನೀರು ಬಿಟ್ಟರೆ ಯಂಕೋಬನ ಹಿತ್ತಲಿನ ಗದ್ದೆ ತುಂಬುತ್ತದೆ, ಅವನ ಅಂಗಳದ ಆ ಬದಿ ಏಳುತ್ತದೆ. ನೀರು ನಿಂತರೆ ಇಳಿಯುತ್ತದೆ. ಅವನು ಮಟ್ಟದ ನೆಲ ಎಂದು ನಂಬಿ ಸರಿಮಾಡಿದ ಗಾಡಿ ರಸ್ತೆಗೆ ಹೋದ ಮೇಲೆ ಎಳೆಯದೆ ಇನ್ನೇನು ಮಾಡೀತು? ಅವನ ಕೈಯಲ್ಲಿ ತಪ್ಪಿರಲಿಲ್ಲ, ಕಣ್ಣಲ್ಲೂ ಇರಲಿಲ್ಲ. ಅವನು ಅಂದದ್ದೇ ನಿಜ, ನೆಲದಲ್ಲಿ ಏನೋ ಇತ್ತು.

ಹೊಸಬರು ಇಷ್ಟು ನೆನಪಿಡಿ. ಎರೆ ನೆಲದ ಮೇಲೆ ಮನೆಯಿದ್ದರೆ ಒಮ್ಮೆ ಮಟ್ಟ ನೋಡಿ ವರ್ಷವೆಲ್ಲ ನಂಬಿಕೊಂಡು ಕೂರಬೇಡಿ. ಗಾಡಿ ಅಂಗಳಕ್ಕೆ ಬರುವ ಮೊದಲು ನೀರಿನ ಪೈಪು ಹಿಡಿಯಿರಿ. ತಗ್ಗಿದ ಮೂಲೆಗೆ ತೆಳು ಫರ್ಸಿ ಚೂರು ಹಾಕಿ ನಾಲ್ಕೂ ಟೈರಿನ ತಳ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಮಿಕ್ಕಿದ್ದೆಲ್ಲ. ನಿಮ್ಮ ಜೊತೆಗಾರನ ಅಳತೆ ನಿಮ್ಮದಕ್ಕೆ ಹೊಂದದಿದ್ದರೆ ಬಾಯಿ ತೆರೆಯುವ ಮೊದಲು ಅವನ ಅಂಗಳಕ್ಕೆ ಹೋಗಿ.

ನಾನು ಆಗಲೂ ಕೂಡಲೇ ಹೋಗಲಿಲ್ಲ. ಫೋನು ತೆಗೆದುಕೊಳ್ಳುವುದು, ಇಡುವುದು. ಮುಖಾಮುಖಿ ಹೇಳೋಣ, ದಸರಾ ಮುಗಿಯಲಿ, ಹತ್ತಿ ಬಿಡಿಸುವುದು ಮುಗಿಯಲಿ, ಹೀಗೇ ದಿನ ನೂಕಿದೆ. ಸಿಟ್ಟು ಹೋಗಿತ್ತು, ಅದು ಹೋದ ಜಾಗದಲ್ಲಿ ನಾಚಿಕೆ ಕೂತಿತ್ತು. ಒಂದು ಭಾನುವಾರ ಸುಜಾತಾ ಟೀಚರ್ ಬಂದು ಅಂಗಳದಲ್ಲೇ ನಿಂತು ಹೇಳಿದರು.

"ಯಂಕೋಬಣ್ಣಗ ಲಕ್ವಾ ಹೊಡದದರಿ. ಬಲಗೈ ಪೂರಾ ಹೋಗ್ಯದ. ನನ್ನ ಬಾಯಿಂದನ ಆ ಮಾತು ಊರ ತುಂಬ ಆತು, ನನಗ ಮನಸ್ಸು ತಡೀವಲ್ದು. ಗಾಡ್ಯಾಗ ಕೂಡ್ರಿ, ಹೋಗಿ ಬರೋಣು."

ನಾನು ಕೂಡಲೇ ಗಾಡಿ ಹತ್ತಿದೆ. ಕಲ್ಲೂರು ದಾಟಿ ಮಾನ್ವಿಯ ಹತ್ತಿರ ಬಂದರೆ ಎರಡೂ ಕಡೆ ನಾಟಿ ಮುಗಿದ ಗದ್ದೆಗಳು, ನೀರು ತುಂಬಿ ನಿಂತಿದ್ದವು. ಯಂಕೋಬನ ಮನೆಯ ಬಾಗಿಲಲ್ಲಿ ಅವನ ಹೆಂಡತಿ ನರಸಮ್ಮ ನಿಂತಿದ್ದಳು. ನನ್ನನ್ನು ನೋಡಿ ಸೆರಗು ಬಾಯಿಗೆ ಹಿಡಿದಳು.

"ಈಗ ಬಂದ್ಯೇನಣ್ಣಾ?" ಎಂದಳು. ಅಷ್ಟೇ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಯಂಕೋಬ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಬಾಯಿ ಸ್ವಲ್ಪ ಓರೆಯಾಗಿತ್ತು, ಮಾತು ನಿಧಾನ, ಆದರೆ ತಿಳಿಯುತ್ತಿತ್ತು. ನಾನು ಅವನ ಪಕ್ಕದಲ್ಲಿ ಕೂತು, ವೈನಿಯ ಬಾಗಿಲಿನಿಂದ ಹಿಡಿದು ಗೌಂಡಿಯ ಪೈಪಿನವರೆಗೂ ಒಂದೇ ಉಸಿರಿಗೆ ಹೇಳಿದೆ. ದೊಡ್ಡ ಸುದ್ದಿ ತಂದವನ ಹಾಗೆ ಹೇಳಿದೆ. ನೀನು ಅಂದದ್ದೇ ಸರಿ, ಕಾಲುವೆಯ ನೀರಿನಿಂದ ನಿನ್ನ ನೆಲ ಏಳುತ್ತದೆ ಎಂದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಎಡಗೈ ಎತ್ತಿ ಅಂಗಳದ ಮೂಲೆ ತೋರಿಸಿದ. ಅಲ್ಲಿ ತೆಳು ಫರ್ಸಿ ಚೂರುಗಳನ್ನು ಒಂದರ ಮೇಲೊಂದು ಒಟ್ಟಿದ್ದ. ಪಕ್ಕದಲ್ಲೇ ಮೊಳೆಗೆ ನೀರಿನ ಪೈಪು ಸುತ್ತಿ ನೇತುಹಾಕಿದ್ದ.

"ನಿನಗ ಗೊತ್ತಿತ್ತಾ?" ಎಂದೆ.

"ಮಾತು ಬಿಟ್ಟ ವರ್ಷನ ಗೊತ್ತಾತು. ಕಾಲವಿಗೆ ನೀರು ಬಿಟ್ಟಾಗ ಒಂದು ಚೂರು, ಗದ್ದಿ ತುಂಬಿದಾಗ ಎರಡು. ಅಳತಿ ನಿಂತುಬಿಡ್ತು."

"ಹೇಳಬಾರದಿತ್ತೇನಲೇ ಹುಚ್ಚಾ? ಮಾನ್ವಿ ಮಂದಿಗೆ ತೋರಿಸಬಾರದಿತ್ತಾ?"

"ಮಂದಿಗೆ ಏನ್ ತೋರಸಲಿ? ನೆಲಾ ಡೊಂಕು ಅಂತ ನಾನಾ ಹೇಳಿದ್ರ ಮತ್ತಿಷ್ಟು ನಗ್ತಿದ್ರು. ನೀ ಬಂದು ಹೇಳಬೇಕಿತ್ತು." ಆ ಚೂರುಗಳ ಕಡೆಗೇ ನೋಡುತ್ತಾ ಮತ್ತೆ ಹೇಳಿದ. "ಗೊತ್ತಾದ ದಿನ ಯಾರಿಗರ ಹೇಳಬೇಕು ಅನಸ್ತು ಹುಲಗಪ್ಪ. ಫೋನ್ ಹಿಡದಿದ್ದೆ. ಇದು ಎಂಥಾ ನಾಜೂಕಿನ ಆಟ ಅಂತ ನಿನ್ನ ಬಿಟ್ರ ಯಾರಿಗೂ ತಿಳಿಯಂಗಿಲ್ಲ. ಒಬ್ಬಾವನ ಕಂಡುಹಿಡದೆ. ಖುಷಿನ ಆಗಲಿಲ್ಲ."

ನನಗೆ ಅಳು ಬಂತು. ಅವನೇ ನನ್ನ ಬೆನ್ನಿಗೆ ಎಡಗೈ ಹಾಕಿ, "ಎದ್ದೇಳು, ಟೀಚರ್ ಗಾಡಿ ನಿಂತದಲ್ಲ, ಇವತ್ತರ ಅಳೆಯೋಣು," ಎಂದ.

ಟೀಚರ್ ಕಾರನ್ನು ಫರ್ಸಿಯ ಮೇಲೆ ತಂದು ನಿಲ್ಲಿಸಿದರು. ಯಂಕೋಬ ಕೂತಲ್ಲಿಂದಲೇ ಯಾವ ಚಕ್ರಕ್ಕೆ ಎಷ್ಟು ಚೂರು ಎಂದು ಹೇಳಿದ, ನಾನು ಹಾಕಿದೆ. ಪೈಪು ಹಿಡಿದು ನೋಡಿದರೆ ನಾಲ್ಕೂ ಚಕ್ರ ಒಂದೇ ಮಟ್ಟ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿದೆ. ದಾರ, ಸ್ಟ್ಯಾಂಡು ಯಾವುದೂ ಬೇಡ, ಟೇಪೇ ಇರಲಿ ಎಂದ ಯಂಕೋಬ. ನರಸಮ್ಮ ಹಿಡಿದುಕೊಂಡು ಬಂದು ಅವನನ್ನು ಆ ಮಗ್ಗುಲಿನ ಚಕ್ರದ ಹತ್ತಿರ ನೆಲಕ್ಕೆ ಕೂರಿಸಿದಳು. ಅವನು ಎಡಗೈಯಲ್ಲಿ ಸೊನ್ನೆ ತುದಿ ಹಿಡಿದ. ನಾನು ಈ ಮಗ್ಗುಲು ಮಲಗಿದೆ.

ಟೇಪು ನಡುಗುತ್ತಿತ್ತು. ಅಂಕಿ ನಿಲ್ಲಲಿಲ್ಲ. ಮತ್ತೆ ಹಿಡಿಯಲು ಹೇಳಿದೆ, ಇನ್ನೊಂದು ಅಂಕಿ. ಮತ್ತೊಮ್ಮೆ, ಮತ್ತೊಂದು.

"ಎಷ್ಟು ಬಂತು?" ಎಂದ ಆ ಕಡೆಯಿಂದ.

"ಸರಿ ಬಂತು. ಎಲ್ಲಾ ಸಲನೂ ಒಂದ," ಎಂದೆ.

ಟೇಪು ಸಡಿಲಾಗಿ ನೆಲಕ್ಕೆ ತಾಗಿತು. ಆಮೇಲೆ ಅವನು, "ಸುಳ್ಳು ಹೇಳಬ್ಯಾಡ. ನನ್ನ ಕೈ ನನಗ ಗೊತ್ತದ," ಎಂದ. ಟೀಚರನ್ನು ಕರೆದ. "ಬರ್ರಿ ಟೀಚರ್, ಇಲ್ಲಿ ಕೂಡ್ರಿ. ಸುಣ್ಣದ ಗುರುತಿಗೆ ಹೆಬ್ಬಟ್ಟು ಒತ್ತಿ ಹಿಡೀರಿ. ಜಗ್ಗಬ್ಯಾಡ್ರಿ, ಸಡ್ಲನೂ ಬಿಡಬ್ಯಾಡ್ರಿ. ಅವ ಬಿಡು ಅನ್ನೋತನಕ ಉಸಿರು ಬಿಗಿ ಹಿಡಕೊಂಡಿರ್ರಿ." ತುದಿಯನ್ನು ಅವರ ಕೈಗೆ ಕೊಟ್ಟು, ಹೆಂಡತಿಯ ಭುಜ ಹಿಡಿದು ಎದ್ದು, ಗೋಡೆಯ ಹತ್ತಿರ ಹೋಗಿ ಕೂತ.

ಟೀಚರ್ ಅವನು ಹೇಳಿದ ಹಾಗೆಯೇ ಹಿಡಿದರು. ನಾನು ಓದಿದೆ. ಕಾರನ್ನು ಹಿಂದೆ ಮುಂದೆ ಉರುಳಿಸಿ, ಅದೇ ಚೂರುಗಳ ಮೇಲೆ ತಂದು ಮತ್ತೆ ಓದಿದೆ. ಇನ್ನೊಮ್ಮೆ ಓದಿದೆ. ಪ್ರತಿ ಸಲವೂ ಅದೇ ಅಂಕಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಈಗ?" ಎಂದು ಗೋಡೆಯ ಕಡೆಯಿಂದ ಯಂಕೋಬ ಕೇಳಿದ.

"ಒಂದ ಬಂತು," ಎಂದೆ. ಕಾರಿನ ಕೆಳಗಿನಿಂದ ಹೊರಗೆ ಬರಲು ನನಗೆ ಮನಸ್ಸಾಗಲಿಲ್ಲ.